ಡಾಕ್ಟರ ಮುಂದೆ ಬಾಯಿಗೆ ಬಾರದ ಮಾತು

ಅರವತ್ತು ದಾಟಿದ ಗಂಡಸರು ಶುಗರ್ ಚೆಕಪ್‌ಗೆ ಬಂದಾಗ ಮಂಡಿ ನೋವು, ಗ್ಯಾಸು, ನಿದ್ದೆ ಬಾರದ್ದು ಎಲ್ಲ ಹೇಳಿಕೊಳ್ಳುತ್ತಾರೆ. ಚೀಟಿ ತಗೊಂಡು ಬಾಗಿಲವರೆಗೂ ಹೋದ ಮೇಲೆ ಕೆಲವರು ಹಿಂದೆ ತಿರುಗಿ, "ಡಾಕ್ಟ್ರೇ, ಇನ್ನೊಂದ್ ವಿಷ್ಯ... ಸ್ವಲ್ಪ ನರ ವೀಕ್ನೆಸ್ಸು" ಅನ್ನುತ್ತಾರೆ. ಅಷ್ಟೂ ಹೇಳದವರೇ ಜಾಸ್ತಿ. ಅವರು ಪರಿಚಯದವರಿಲ್ಲದ ಏರಿಯಾದ ಮೆಡಿಕಲ್ ಶಾಪ್ ಹುಡುಕಿಕೊಂಡು ಹೋಗುತ್ತಾರೆ. ನನಗೆ ಭಯವಾಗುವುದು ಇವರ ಬಗ್ಗೆಯೇ.

ಅವರು "ನರ ವೀಕ್ನೆಸ್ಸು" ಅನ್ನುವುದು ಶಿಶ್ನದ ನಿಮಿರುವಿಕೆಯ ತೊಂದರೆಯನ್ನು. ಅದು ಅಪರೂಪದ್ದೇನಲ್ಲ. ಅಮೆರಿಕದ ಮ್ಯಾಸಚೂಸೆಟ್ಸ್‌ನಲ್ಲಿ 1987ರಿಂದ 1989ರವರೆಗೆ 40ರಿಂದ 70 ವಯಸ್ಸಿನ ಗಂಡಸರನ್ನು ವಿಚಾರಿಸಿದಾಗ ಶೇ. 52ರಷ್ಟು ಮಂದಿಗೆ ಒಂದಲ್ಲ ಒಂದು ಮಟ್ಟದಲ್ಲಿ ಈ ತೊಂದರೆ ಇತ್ತು. ವಯಸ್ಸಾದವರಲ್ಲಿ ಇದರ ಮೂಲ ಹೆಚ್ಚಾಗಿ ರಕ್ತನಾಳದಲ್ಲಿರುತ್ತದೆ. ಆಸೆ ಹುಟ್ಟಿದಾಗ ನರದ ತುದಿಗಳು ಮತ್ತು ರಕ್ತನಾಳದ ಒಳಪದರ ನೈಟ್ರಿಕ್ ಆಕ್ಸೈಡ್ ಎಂಬ ಅನಿಲವನ್ನು ಬಿಡುತ್ತವೆ. ಅದರಿಂದ ಅಲ್ಲಿನ ಸ್ನಾಯು ಸಡಿಲವಾಗಿ ರಕ್ತ ತುಂಬಿಕೊಳ್ಳುತ್ತದೆ. ಶುಗರ್, ಬಿಪಿ, ಬೀಡಿ-ಸಿಗರೇಟು ಮೊದಲು ಹಾಳು ಮಾಡುವುದು ಈ ಒಳಪದರವನ್ನೇ. ಶಿಶ್ನದ ರಕ್ತನಾಳದ ಅಗಲ ಸುಮಾರು 1ರಿಂದ 2 ಮಿ.ಮೀ. ಹೃದಯದ ರಕ್ತನಾಳ 3ರಿಂದ 4 ಮಿ.ಮೀ. ಕೊಬ್ಬು ಕಟ್ಟತೊಡಗಿದರೆ ಸಣ್ಣದು ಮೊದಲು ಸೋಲುತ್ತದೆ. ಎಷ್ಟೋ ಜನರಲ್ಲಿ ಎದೆನೋವು ಬರುವ ಎರಡು-ಮೂರು ವರ್ಷ ಮೊದಲೇ ಈ ತೊಂದರೆ ಶುರುವಾಗಿರುತ್ತದೆ. ಅದನ್ನು ಆಗಲೇ ಹೇಳಿಕೊಂಡಿದ್ದರೆ ಬಿಪಿ, ಶುಗರ್, ಕೊಲೆಸ್ಟರಾಲ್ ನೋಡಿ ಹೃದಯಾಘಾತವನ್ನೇ ತಡೆಯುವ ಅವಕಾಶವಿರುತ್ತಿತ್ತು.

ಇನ್ನು ಮಾತ್ರೆಯ ವಿಷಯ. ಇಂಗ್ಲೆಂಡಿನ ಸ್ಯಾಂಡ್‌ವಿಚ್ ಊರಿನಲ್ಲಿದ್ದ ಫೈಜರ್ ಕಂಪನಿಯ ಪ್ರಯೋಗಾಲಯದಲ್ಲಿ ಸಿಲ್ಡೆನಾಫಿಲ್ ತಯಾರಾದಾಗ ಅದನ್ನು ಎದೆನೋವಿಗೆಂದು ಪರೀಕ್ಷಿಸಿದ್ದರು. ಎದೆನೋವಿಗೆ ಅಷ್ಟೇನೂ ನಾಟಲಿಲ್ಲ. ಇನ್ನೊಂದು ಪರಿಣಾಮ ಮಾತ್ರ ಎದ್ದು ಕಂಡಿತು. 1998ರ ಮಾರ್ಚ್‌ನಲ್ಲಿ ವಯಾಗ್ರ ಹೆಸರಿನಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ನೈಟ್ರಿಕ್ ಆಕ್ಸೈಡ್ ಶುರು ಮಾಡಿದ ಕೆಲಸ ಬೇಗ ನಿಂತುಹೋಗದಂತೆ ಈ ಮಾತ್ರೆ ನೋಡಿಕೊಳ್ಳುತ್ತದೆ, ಅಷ್ಟೇ. ಆಸೆಯನ್ನು ಅದು ಹುಟ್ಟಿಸುವುದಿಲ್ಲ. ಹೊಟ್ಟೆ ತುಂಬ ಬಿರಿಯಾನಿ ತಿಂದು ನುಂಗಿದರೆ ಕೆಲಸ ತಡವಾಗುತ್ತದೆ. ಒಂದೇ ಸಲ ನೋಡಿ "ನನಗೆ ಆಗಲ್ಲ" ಅಂತ ಕೈಬಿಡುವವರು ಇದನ್ನು ಗಮನಿಸಬೇಕು.

ಅಪಾಯ ಇರುವುದು ಇಲ್ಲಿ. ಹೃದಯದ ತೊಂದರೆ ಇರುವವರು ಜೇಬಿನಲ್ಲಿ ಎದೆನೋವು ಬಂದಾಗ ನಾಲಿಗೆ ಕೆಳಗಿಡುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡಿರುತ್ತಾರೆ ಅಲ್ವಾ? ಅದು ಕೆಲಸ ಮಾಡುವುದೂ ನೈಟ್ರಿಕ್ ಆಕ್ಸೈಡ್ ಮೂಲಕವೇ. ಎರಡೂ ಸೇರಿದರೆ ಬಿಪಿ ಪಾತಾಳಕ್ಕಿಳಿದು ಜೀವಕ್ಕೇ ಕುತ್ತು ಬರಬಹುದು. ಸಿಲ್ಡೆನಾಫಿಲ್ ತಗೊಂಡ ಮೇಲೆ ಕನಿಷ್ಠ 24 ಗಂಟೆ, ಅದೇ ಗುಂಪಿನ ಟಡಾಲಫಿಲ್ ಆದರೆ 48 ಗಂಟೆ ಸಾರ್ಬಿಟ್ರೇಟ್ ಮುಟ್ಟಬಾರದು. ಅಷ್ಟರಲ್ಲಿ ಎದೆನೋವು ಬಂದರೆ ತಕ್ಷಣ ಆಸ್ಪತ್ರೆಗೆ ಹೋಗಿ, ಏನು ನುಂಗಿದ್ದೀರಿ ಅಂತ ಮೊದಲೇ ಹೇಳಿಬಿಡಿ. ಹೆಂಡತಿ ಮಕ್ಕಳು ಜೊತೆಗಿದ್ದಾರೆಂಬ ನಾಚಿಕೆಗೆ ಮುಚ್ಚಿಡಬೇಡಿ. "ಸುಮ್ನೆ ಗಿಡಮೂಲಿಕೆ" ಎಂದು ಮಾರುವ ಕ್ಯಾಪ್ಸೂಲ್‌ಗಳಲ್ಲೂ ಕದ್ದು ಬೆರೆಸಿದ ಸಿಲ್ಡೆನಾಫಿಲ್ ಅನೇಕ ದೇಶಗಳ ಪರೀಕ್ಷೆಗಳಲ್ಲಿ ಸಿಕ್ಕಿದೆ.

ಆಸೆಯೇ ಕುಂದಿದ್ದರೆ ಅದು ಬೇರೆ ಕಥೆ. ಖಿನ್ನತೆ, ಗೊರಕೆಯಿಂದ ಕೆಟ್ಟ ನಿದ್ದೆ, ಥೈರಾಯ್ಡ್, ಖಿನ್ನತೆಯ ಮಾತ್ರೆ, ಪ್ರಾಸ್ಟೇಟ್‌ಗೆ ಕೊಡುವ ಫಿನಾಸ್ಟರೈಡ್, ಇವೆಲ್ಲ ಕಾರಣವಾಗಬಹುದು. ಹಾಗಂತ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ, ಬದಲಿ ಇರುತ್ತದೆ. ಆಸೆಗೆ ಬೇಕಾದ ಗಂಡು ಹಾರ್ಮೋನ್ ಟೆಸ್ಟೊಸ್ಟೆರಾನ್ ಬೆಳಗ್ಗೆ ಹೆಚ್ಚು, ಸಂಜೆಗೆ ಕಡಿಮೆ. ಹಾಗಾಗಿ ಬೆಳಗ್ಗೆಯೇ ರಕ್ತ ಕೊಡಬೇಕು. ಕಡಿಮೆ ಬಂದರೆ ಇನ್ನೊಂದು ದಿನ ಮತ್ತೆ ನೋಡಬೇಕು. ಎರಡು ಸಲವೂ ಕಡಿಮೆ ಇದ್ದು, ತೊಂದರೆಯೂ ಇದ್ದವರಿಗೆ ಮಾತ್ರ ಹಾರ್ಮೋನಿನ ಯೋಚನೆ. ಸರಿಯಾಗಿರುವವರು ಇಂಜೆಕ್ಷನ್ ಹಾಕಿಸಿಕೊಂಡರೆ ರಕ್ತ ಗಟ್ಟಿಯಾಗುವಂಥ ಕಷ್ಟಗಳೇ ಬರುವುದು.

ಹೆಂಡತಿಯ ಜೊತೆ ಮಾತಾಡುವುದೂ ಚಿಕಿತ್ಸೆಯ ಭಾಗವೇ. ಮುಟ್ಟು ನಿಂತ ಮೇಲೆ ಒಣಗುವಿಕೆಯಿಂದ ಅವರಿಗೆ ನೋವಾಗುತ್ತಿರಬಹುದು. ಅದಕ್ಕೂ ಔಷಧಿ ಇದೆ. ಅದನ್ನು ಕೇಳದೆ ಗಂಡ ಮಾತ್ರೆ ನುಂಗಿದರೆ ಇಬ್ಬರಿಗೂ ಸಂಕಟ.

ಮೊದಲು ಮನೆಯ ಡಾಕ್ಟರನ್ನೇ ಕಾಣಿ. ಬೇಕಿದ್ದರೆ ಅವರೇ ಯೂರಾಲಜಿಸ್ಟ್ ಹತ್ತಿರ ಕಳಿಸುತ್ತಾರೆ. ನುಂಗುವ ಎಲ್ಲ ಮಾತ್ರೆಗಳ ಸ್ಟ್ರಿಪ್ಪುಗಳನ್ನೂ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಎರಡು ಮಹಡಿ ಮೆಟ್ಟಿಲನ್ನು ಬೇಗಬೇಗ ಹತ್ತಿದರೂ ಎದೆ ಹಿಡಿಯದಿದ್ದರೆ, ವಿಪರೀತ ಏದುಸಿರು ಬರದಿದ್ದರೆ, ಸಾಮಾನ್ಯವಾಗಿ ಹೃದಯ ಸಂಭೋಗದ ಶ್ರಮವನ್ನು ತಾಳಿಕೊಳ್ಳುತ್ತದೆ. ಅಷ್ಟು ಹತ್ತಲು ಆಗದಿದ್ದರೆ ಮಾತ್ರೆಗಿಂತ ಮೊದಲು ಹೃದಯದ ಪರೀಕ್ಷೆ ಆಗಬೇಕು.