ಜನ ಬರದ ಆಟಕ್ಕೆ ಹೊಸ ಸ್ಟೇಡಿಯಂ ಯಾಕೆ?

ಪ್ರಶ್ನೆ: ಅಮೆರಿಕದ ಕೆಲವು ಯೂನಿವರ್ಸಿಟಿಗಳಲ್ಲಿ ಫುಟ್‌ಬಾಲ್ ನೋಡೋಕೆ ಜನವೇ ಬರಲ್ಲವಂತೆ. ಆದರೂ ಕೋಟಿಗಟ್ಟಲೆ ಡಾಲರ್ ಹಾಕಿ ಹೊಸ ಸ್ಟೇಡಿಯಂ ಕಟ್ಟುತ್ತಾರೆ. ಯಾಕೆ? ಆ ದುಡ್ಡು ಯಾರದು?

ಉತ್ತರ: ಇಲ್ಲಿ ಫುಟ್‌ಬಾಲ್ ಎಂದರೆ ನಾವು ಕಾಲಲ್ಲಿ ಆಡುವ ಆಟವಲ್ಲ. ಹೆಲ್ಮೆಟ್ ಹಾಕಿಕೊಂಡು, ಉದ್ದನೆಯ ಚೆಂಡನ್ನು ಕೈಯಲ್ಲಿ ಹಿಡಿದು ಓಡುವ ಆಟ. ಒಂದು ತಂಡ ತನ್ನ ಸ್ವಂತ ಮೈದಾನದಲ್ಲಿ ಆಡುವುದು ವರ್ಷಕ್ಕೆ ಆರೋ ಏಳೋ ಪಂದ್ಯ, ಅಷ್ಟೇ.

ಒಹಾಯೊ ರಾಜ್ಯದ ಆಕ್ರನ್ ಯೂನಿವರ್ಸಿಟಿಯನ್ನೇ ನೋಡಿ. ಆಕ್ರನ್ ಟೈರ್ ಕಂಪನಿಗಳ ಊರು, ಗುಡ್‌ಇಯರ್ ಹುಟ್ಟಿದ್ದು ಅಲ್ಲೇ. ಹಾಗಾಗಿ ಅಲ್ಲಿನ ಹಳೆಯ ಸ್ಟೇಡಿಯಂಗೆ ರಬ್ಬರ್ ಬೌಲ್ ಅಂತಲೇ ಹೆಸರು. ಅದು 1940ರದ್ದು, ಕ್ಯಾಂಪಸ್‌ನಿಂದ ದೂರ. ಕ್ಯಾಂಪಸ್ ಒಳಗೇ ಕಟ್ಟಿದರೆ ಹುಡುಗರು ಹಾಸ್ಟೆಲ್‌ನಿಂದ ನಡೆದೇ ಬರುತ್ತಾರೆ ಅನ್ನುವ ಆಸೆ ಇತ್ತು. 6 ಕೋಟಿ ಡಾಲರ್‌ಗೂ ಜಾಸ್ತಿ ಖರ್ಚಾಯಿತು. 2009ರಲ್ಲಿ ಸುಮಾರು 30 ಸಾವಿರ ಜನ ಹಿಡಿಸುವ ಇನ್ಫೋಸಿಷನ್ ಸ್ಟೇಡಿಯಂ ತೆರೆಯಿತು. ಅದು ಒಂದು ಟೆಲಿಮಾರ್ಕೆಟಿಂಗ್ ಕಂಪನಿಯ ಹೆಸರು.

ಆಮೇಲೆ ತಂಡ ಸೋಲತೊಡಗಿತು. 2010, 2011, 2012, ಮೂರೂ ವರ್ಷ ತಲಾ 12 ಪಂದ್ಯ ಆಡಿ ಗೆದ್ದಿದ್ದು ಒಂದೊಂದೇ. ಹೀಗಾದರೆ ಚಳಿಯಲ್ಲಿ ಕೂತು ನೋಡುವವರು ಯಾರು?

ಜೊತೆಗೆ ಟಿವಿ. ಆಕ್ರನ್ ಇರುವುದು ಮಿಡ್-ಅಮೆರಿಕನ್ ಕಾನ್ಫರೆನ್ಸ್ ಎಂಬ, ತಮ್ಮತಮ್ಮೊಳಗೆ ಪಂದ್ಯ ಆಡುವ ಯೂನಿವರ್ಸಿಟಿಗಳ ಕೂಟದಲ್ಲಿ. ಶನಿವಾರಗಳೆಲ್ಲ ದೊಡ್ಡ ತಂಡಗಳ ಪಾಲು. ಅದಕ್ಕೇ ಈ ಕೂಟದ ತಂಡಗಳು ನವೆಂಬರ್‌ನಲ್ಲಿ ಟಿವಿಗಾಗಿ ಮಂಗಳವಾರ, ಬುಧವಾರ ರಾತ್ರಿ ಆಡುತ್ತವೆ. ಮರುದಿನ ಎಲ್ಲರಿಗೂ ಕ್ಲಾಸು, ಕೆಲಸ. ಟಿವಿಯಿಂದ ಹಣ ಮತ್ತು ಹೆಸರು ಸಿಗುತ್ತದೆ, ಆದರೆ ಅದೇ ವೇಳಾಪಟ್ಟಿ ಸೀಟು ಖಾಲಿ ಮಾಡುತ್ತದೆ.

2015ರಲ್ಲಿ ಅದೇ ಯೂನಿವರ್ಸಿಟಿ ಖರ್ಚು ತಗ್ಗಿಸಲು 200ಕ್ಕೂ ಹೆಚ್ಚು ಹುದ್ದೆ ಕಡಿತ ಮಾಡಿತು, ಬೇಸ್‌ಬಾಲ್ ತಂಡವನ್ನೂ ನಿಲ್ಲಿಸಿತು. 2020ರಲ್ಲಿ ಮತ್ತೆ ಹುದ್ದೆಗಳು ಹೋದವು, ಇನ್ನೂ ಮೂರು ತಂಡಗಳು ಹೋದವು. ಆದರೆ ಫುಟ್‌ಬಾಲ್ ತಂಡ ಉಳಿಯಿತು. ಇದಕ್ಕೆಲ್ಲ ಸ್ಟೇಡಿಯಂ ಒಂದೇ ಕಾರಣ ಅಂದರೆ ತಪ್ಪಾಗುತ್ತದೆ, ಓದಲು ಬರುವವರೂ ಕಡಿಮೆಯಾಗಿದ್ದರು. ಆದರೆ ಮೇಷ್ಟ್ರ ಹುದ್ದೆ ತೆಗೆದಷ್ಟು ಸುಲಭವಾಗಿ ಸ್ಟೇಡಿಯಂಗೆ ಮಾಡಿದ ಸಾಲದ ಕಂತು ನಿಲ್ಲಿಸೋಕೆ ಆಗಲ್ಲ. ನನಗೆ ನೋವಾಗುವುದು ಅಲ್ಲೇ.

ಹಾಗಾದರೆ ಇನ್ನೂ ಯಾಕೆ ಕಟ್ಟುತ್ತಾರೆ? ನನ್ನ ಪ್ರಕಾರ, ಸ್ಟೇಡಿಯಂ ಕಟ್ಟುವಾಗ ಕಣ್ಣು ಸಾಮಾನ್ಯ ಪ್ರೇಕ್ಷಕರ ಮೇಲೆ ಇರುವುದೇ ಕಡಿಮೆ. ಟಿವಿ ಹಣ ಜಾಸ್ತಿ ಇರುವ ಕೂಟಕ್ಕೆ ಸೇರಬೇಕು, ಒಳ್ಳೆ ಆಟಗಾರರು ಬರಬೇಕು, ದಾನಿಗಳು ಕೈಬಿಡಬಾರದು. ನಾರ್ತ್‌ವೆಸ್ಟರ್ನ್ ಯೂನಿವರ್ಸಿಟಿಯ ಹಳೆಯ ಸ್ಟೇಡಿಯಂನಲ್ಲಿ 47 ಸಾವಿರ ಸೀಟು ಇದ್ದವು. ಅದನ್ನು ಕೆಡವಿ ಸುಮಾರು 85 ಕೋಟಿ ಡಾಲರ್‌ನಲ್ಲಿ ಕಟ್ಟುವ ಹೊಸದಕ್ಕೆ 35 ಸಾವಿರ ಸೀಟು ಮಾತ್ರ. ಸೀಟು ಕಡಿಮೆ, ಸೌಕರ್ಯ ಜಾಸ್ತಿ, ಬೆಲೆಯೂ ಜಾಸ್ತಿ. ಅಲ್ಲಿ ರಯಾನ್ ಕುಟುಂಬದ ದೊಡ್ಡ ದಾನ ಇದೆ. ಅಂಥ ದಾನಿ ಎಲ್ಲರಿಗೂ ಸಿಗುವುದಿಲ್ಲ ಅಲ್ವಾ?

ಸಿಗದ ಕಡೆ ಸಾಲವೇ ಗತಿ. ಬರ್ಕ್ಲಿಯಲ್ಲಿರುವ ಕ್ಯಾಲಿಫೋರ್ನಿಯಾ ಯೂನಿವರ್ಸಿಟಿಗೆ ಬೇರೆ ದಾರಿ ಇರಲಿಲ್ಲ ಅನ್ನಿ. 1923ರ ಅವರ ಸ್ಟೇಡಿಯಂ ಕೆಳಗೇ ಹೇವರ್ಡ್ ಎಂಬ ಭೂಕಂಪದ ಬಿರುಕು ಹಾದುಹೋಗುತ್ತದೆ. 32 ಕೋಟಿ ಡಾಲರ್ ಸಾಲದಲ್ಲಿ ಅದನ್ನು ಭದ್ರಪಡಿಸಿ 2012ರಲ್ಲಿ ಮತ್ತೆ ತೆರೆದರು. ಒಳ್ಳೆ ಸೀಟುಗಳನ್ನು ದಶಕಗಳ ಮಟ್ಟಿಗೆ ಒಟ್ಟಿಗೇ ಮಾರಿ ಸಾಲ ತೀರಿಸುವ ಯೋಚನೆ ಇತ್ತು. ಅಂದುಕೊಂಡಷ್ಟು ಮಾರಾಟವಾಗಲಿಲ್ಲ. ಕೊನೆಗೆ ಸಾಲದ ಸುಮಾರು ಅರ್ಧ ಭಾರವನ್ನು ಕ್ಯಾಂಪಸ್ಸೇ ಹೊರಬೇಕಾಯಿತು.

ಚಿಕ್ಕ ಯೂನಿವರ್ಸಿಟಿಗಳಲ್ಲಿ ಆ ಭಾರ ನೇರವಾಗಿ ವಿದ್ಯಾರ್ಥಿಗಳ ಮೇಲೆ ಬರುತ್ತದೆ. ಆಕ್ರನ್‌ನಂಥ ಕಡೆ ಕ್ರೀಡಾ ವಿಭಾಗದ ಹಣದಲ್ಲಿ ಅರ್ಧಕ್ಕಿಂತ ಜಾಸ್ತಿ ಬರುವುದು ವಿದ್ಯಾರ್ಥಿಗಳ ಫೀಸು ಮತ್ತು ಯೂನಿವರ್ಸಿಟಿಯ ಕೈಯಿಂದ. ಒಂದೂ ಪಂದ್ಯ ನೋಡದೆ, ರಾತ್ರಿ ಪಾರ್ಟ್‌ಟೈಮ್ ಕೆಲಸ ಮಾಡಿ ಓದುವ ಹುಡುಗಿಯೂ ಆ ಫೀಸು ಕಟ್ಟುತ್ತಾಳೆ. ಇದು ಅನ್ಯಾಯ ಅಂತಲೇ ನನ್ನ ಅಭಿಪ್ರಾಯ.

ಕರ್ನಾಟಕದಿಂದ ಅಲ್ಲಿಗೆ ಓದಲು ಹೋಗುವವರು ಫೀಸಿನ ಪಟ್ಟಿಯನ್ನು ಒಂದೊಂದೇ ಸಾಲು ಓದಿ. ಕೆಲವು ಕಡೆ ‘ಅಥ್ಲೆಟಿಕ್ಸ್ ಫೀ’ ಅಂತ ಬೇರೆಯಾಗಿ ಬರೆದಿರುತ್ತಾರೆ. ಇನ್ನು ಕೆಲವು ಕಡೆ ‘ಜನರಲ್ ಫೀ’ ಒಳಗೆ ಸೇರಿಸಿರುತ್ತಾರೆ. ಅದರಲ್ಲಿ ಆಟಕ್ಕೆ ಹೋಗುವುದು ಎಷ್ಟು ಅಂತ ಇಮೇಲ್ ಮಾಡಿ ಕೇಳಿ. ಸೀಟು ಒಪ್ಪಿಕೊಳ್ಳುವ ಮೊದಲೇ ಕೇಳಿ.