ಓಟಕ್ಕೋ, ಓಡಾಟಕ್ಕೋ: ಕೈಯಲ್ಲಿ ತುಳಿಯುವ ಸೈಕಲ್ಲಿನ ಸುತ್ತುಬಳಸು ಹಾದಿ

ಬೆನ್ನುಹುರಿಗೆ ಪೆಟ್ಟಾಗಿ ಕಾಲಿನ ಸ್ವಾಧೀನ ತಪ್ಪಿದವರು ಹ್ಯಾಂಡ್‌ಸೈಕಲ್ ಕೊಳ್ಳಲು ಹೊರಟರೆ ಮೂರು ಕಡೆ ಮೂರು ಮಾತು ಕೇಳಬೇಕಾಗುತ್ತದೆ. ಅದು ಸಲಕರಣೆ, ಅರ್ಜಿ ಹಾಕಿ ಅನ್ನುತ್ತಾರೆ ಒಬ್ಬರು. ಅದು ಪ್ಯಾರಾ ಕ್ರೀಡೆಯ ಯಂತ್ರ, ಸ್ಪರ್ಧೆಗೆ ಇಳಿಯುತ್ತೀರಾ ಎಂದು ಇನ್ನೊಬ್ಬರು ಕೇಳುತ್ತಾರೆ. ಸೈಕಲ್ ಅಂಗಡಿಯವರಿಗೆ ಅದು ಸೈಕಲ್ಲೇ ಅಲ್ಲ. ಮೂವರೂ ಸುಳ್ಳು ಹೇಳುತ್ತಿಲ್ಲ. ಈ ಬಂಡಿ ಬೆಳೆದು ಬಂದ ದಾರಿಯೇ ಹಾಗಿದೆ.

ಹುಟ್ಟಿದ್ದಂತೂ ಓಡಾಟಕ್ಕಾಗಿ. 1655ರಲ್ಲಿ ಜರ್ಮನಿಯ ನ್ಯೂರೆಂಬರ್ಗ್ ಬಳಿಯ ಆಲ್ಟ್‌ಡಾರ್ಫ್‌ನಲ್ಲಿ ಸ್ಟೀಫನ್ ಫಾರ್ಫ್ಲರ್ ಎಂಬ ಗಡಿಯಾರ ತಯಾರಕ ತನ್ನ ಓಡಾಟಕ್ಕೆ ತಾನೇ ಮೂರು ಗಾಲಿಯ ಗಾಡಿ ಮಾಡಿಕೊಂಡ. ಅವನಿಗೆ ನಡೆಯಲಾಗುತ್ತಿರಲಿಲ್ಲ. ಕೈಯಲ್ಲಿ ಹಿಡಿಕೆ ತಿರುಗಿಸಿದರೆ ಹಲ್ಲಿನ ಚಕ್ರಗಳ ಮೂಲಕ ಮುಂದಿನ ಗಾಲಿ ಉರುಳುತ್ತಿತ್ತು. ಕಾಲಲ್ಲಿ ತುಳಿಯುವ ಸೈಕಲ್ ಬರುವುದಕ್ಕೆ ಇನ್ನೂ ಸುಮಾರು 200 ವರ್ಷ ಇತ್ತು.

ಒರಗಿ ಕೂತು ತುಳಿಯುವ ಬಂಡಿಯ ಕಥೆ ಬೇರೆಯೇ ಎಳೆ. 1933ರ ಜುಲೈ 7ರಂದು ಪ್ಯಾರಿಸ್‌ನಲ್ಲಿ ಫ್ರಾನ್ಸಿಸ್ ಫೋರ್ ಎಂಬ ಸವಾರ, ಚಾರ್ಲ್ಸ್ ಮೋಷೆ ರೂಪಿಸಿದ ‘ವೆಲೋಕಾರ್’ ಮೇಲೆ ಒರಗಿಕೊಂಡು ಒಂದು ಗಂಟೆಯಲ್ಲಿ 45.055 ಕಿ.ಮೀ. ಕ್ರಮಿಸಿದ. 1914ರಿಂದ ಉಳಿದುಬಂದಿದ್ದ 44.247 ಕಿ.ಮೀ. ದಾಖಲೆ ಮುರಿಯಿತು. ಸವಾರ ಮೊದಲ ದರ್ಜೆಯವನೇನಲ್ಲ, ಗೆದ್ದದ್ದು ಬಂಡಿ. ಅಂತರರಾಷ್ಟ್ರೀಯ ಸೈಕ್ಲಿಂಗ್ ಒಕ್ಕೂಟ ರೇಸ್ ಸೈಕಲ್ ಎಂದರೇನೆಂದು ಹೊಸದಾಗಿ ವ್ಯಾಖ್ಯಾನಿಸಿ 1934ರ ಏಪ್ರಿಲ್ 1ರಿಂದ ಒರಗು ಸೈಕಲ್ಲನ್ನು ಹೊರಗಿಟ್ಟಿತು. (ತಾರೀಖು ತಮಾಷೆಯದಲ್ಲ.) ರೇಸಿನಲ್ಲಿ ಇಲ್ಲದ್ದು ಅಂಗಡಿಯಲ್ಲೂ ಇಲ್ಲ. ಮುಂದಿನ ಕೆಲವು ದಶಕ ಅದು ಹವ್ಯಾಸಿಗಳ ಶೆಡ್ಡಿನಲ್ಲೇ ಉಳಿಯಿತು.

1980ರ ದಶಕದಲ್ಲಿ ಇಂಗ್ಲೆಂಡಿನ ಮೈಕ್ ಬರೋಸ್ ಮಾಡಿದ ‘ವಿಂಡ್‌ಚೀಟಾ’ದಂಥ ಗಾಡಿಗಳಿಂದ ಮುಂದೆ ಎರಡು, ಹಿಂದೆ ಒಂದು ಗಾಲಿಯ ಒರಗು ಟ್ರೈಕ್ ಮತ್ತೆ ಕಣ್ಣಿಗೆ ಬಿತ್ತು. ಸೊಂಟನೋವಿನವರು, ಪಾರ್ಶ್ವವಾಯುವಿನಿಂದ ಸಮತೋಲ ತಪ್ಪಿದವರು, ವಯಸ್ಸಾದವರು ಇದನ್ನು ಹಿಡಿದುಕೊಂಡರು. ನಿಂತರೂ ಬೀಳದ ಗಾಡಿ, ಆದರೆ ಅದಕ್ಕೂ ತನ್ನದೇ ರಗಳೆಗಳಿವೆ. ಪೆಡಲ್ ಇರುವ ಮುಂದಿನ ಕೊಳವೆಯನ್ನು ಕಾಲಿನ ಉದ್ದಕ್ಕೆ ತಕ್ಕಂತೆ 2.5 ಸೆಂ.ಮೀ. ಮುಂದೆ ಎಳೆದರೆ, ಚೈನು ಹೋಗುವಾಗಲೂ ಬರುವಾಗಲೂ ಅಷ್ಟಷ್ಟು ಬೇಕು. ಒಟ್ಟು 5 ಸೆಂ.ಮೀ., ಅಂದರೆ ನಾಲ್ಕು ಕೊಂಡಿ. ಮುಂದಿನ ಎರಡು ಗಾಲಿ ಹೆಚ್ಚುಕಡಿಮೆ ಸಮಾನಾಂತರವಾಗಿರಬೇಕು. ಅಚ್ಚಿನ ಎತ್ತರದಲ್ಲಿ ರಿಮ್ಮಿನಿಂದ ರಿಮ್ಮಿಗೆ ಮುಂದೊಮ್ಮೆ, ಹಿಂದೊಮ್ಮೆ ಅಳೆದರೆ ಮುಂದಿನ ಅಳತೆ ಒಂದೆರಡು ಮಿ.ಮೀ. ಮಾತ್ರ ಕಡಿಮೆ ಬರಬೇಕು. ಇದು ತಪ್ಪಿದರೆ ಕೆಲವೇ ನೂರು ಕಿ.ಮೀ.ಗೆ ಟೈರು ಸವೆದು ನೂಲು ಕಾಣುತ್ತದೆ. ಎಲ್ಲಕ್ಕಿಂತ ಅಪಾಯದ್ದು, ಪೆಡಲಿನಿಂದ ಜಾರಿದ ಪಾದ ನೆಲಕ್ಕೆ ತಾಗಿ ಗಾಡಿಯಡಿ ಮಡಚಿ ಸಿಕ್ಕಿಕೊಳ್ಳುವುದು. ಕಾಲಿನ ಸ್ಪರ್ಶಜ್ಞಾನ ಕಡಿಮೆ ಇರುವವರು ಹಿಮ್ಮಡಿ ಹಿಡಿಯುವ ಪಟ್ಟಿಯಿಲ್ಲದೆ ಇದನ್ನು ಹತ್ತಲೇಬಾರದು.

ಇದೆಲ್ಲ ನಡೆಯುವ ಹೊತ್ತಿಗೆ ನಮ್ಮಲ್ಲಿ ಕೈಯಲ್ಲಿ ತುಳಿಯುವ ಮೂರು ಗಾಲಿ ಸೈಕಲ್ ಆಗಲೇ ಬೀದಿಯಲ್ಲಿತ್ತು. 1972ರಲ್ಲಿ ಕಾನ್ಪುರದಲ್ಲಿ ಸ್ಥಾಪನೆಯಾದ, ಕೃತಕ ಅಂಗ ಮತ್ತು ಸಲಕರಣೆ ತಯಾರಿಸುವ ಕೇಂದ್ರ ಸರ್ಕಾರದ ಸಂಸ್ಥೆ ಅಲಿಮ್ಕೊ, ಅಂಗವಿಕಲರಿಗೆ ಸಲಕರಣೆ ಕೊಡಿಸಲು 1981ರಲ್ಲಿ ಬಂದ ಕೇಂದ್ರದ ಅಡಿಪ್ ಯೋಜನೆ, ಜೊತೆಗೆ ಶಿಬಿರ, ದಾನಿ, ಸಂಘಸಂಸ್ಥೆಗಳ ಮೂಲಕ ಅದು ಊರೂರು ತಲುಪಿತು. ಸಂತೆಯ ಮೂಲೆಯಲ್ಲಿ, ಬಸ್ ನಿಲ್ದಾಣದ ಎದುರು ಅದನ್ನು ಕಾಣದವರು ಕಡಿಮೆ. ಗಟ್ಟಿ ಕಬ್ಬಿಣ, ಸಾದಾ ಸೈಕಲ್ಲಿನ ಬಿಡಿಭಾಗ, ಯಾವ ಪಂಕ್ಚರ್ ಅಂಗಡಿಯಲ್ಲೂ ರಿಪೇರಿ. ಆದರೆ ಇರುವುದು ಒಂದೇ ಗೇರು. ಹಲವು ಮಾದರಿಗಳಲ್ಲಿ ಒಂದು ಕೈ ಹಿಡಿಕೆ ತಿರುಗಿಸುತ್ತದೆ, ಇನ್ನೊಂದು ದಿಕ್ಕು ನೋಡಿಕೊಳ್ಳುತ್ತದೆ. ವರ್ಷಗಟ್ಟಲೆ ಒಂದೇ ಹೆಗಲು ದುಡಿಯುತ್ತದೆ. ಚೈನು ಹಿಂದಿನ ಒಂದೇ ಗಾಲಿಗೆ ಕಟ್ಟಿದ್ದರೆ ಗಾಡಿ ಒಂದು ಕಡೆಗೇ ಎಳೆಯುತ್ತದೆ, ಅದನ್ನು ತಡೆಯುವುದೂ ಆ ಇನ್ನೊಂದು ಕೈಯ ಪಾಲಿಗೆ.

ಇದಕ್ಕೆ ಉತ್ತರ ಯುರೋಪಿನಲ್ಲಿ, ಅದರಲ್ಲೂ ನೆದರ್ಲೆಂಡ್ಸ್‌ನಲ್ಲಿ ಸಿಕ್ಕಿತು. ಗಾಲಿಕುರ್ಚಿಯ ಮುಂದಕ್ಕೆ ಸಿಕ್ಕಿಸುವ ಒಂಟಿ ಗಾಲಿ, ಎರಡೂ ಕೈಗೆ ಹಿಡಿಕೆ, ಸಾಲು ಗೇರು. ಪೆಡಲಿನಂತೆ ಒಂದು ಮೇಲೆ ಒಂದು ಕೆಳಗೆ ಇಟ್ಟರೆ ಎತ್ತು ಏರಿಗೆ, ಕೋಣ ನೀರಿಗೆ ಅನ್ನುವಂತಾಗುತ್ತದೆ. ಇಲ್ಲಿ ತುಳಿಯುವ ಹಿಡಿಕೆಯೇ ಹ್ಯಾಂಡಲ್ಲೂ ಆಗಿರುವುದರಿಂದ ಪ್ರತಿ ಸುತ್ತಿಗೂ ಮುಂಗಾಲಿ ಅತ್ತಿತ್ತ ಹೊರಳುತ್ತದೆ. ಹಾಗಾಗಿ ಎರಡೂ ಹಿಡಿಕೆ ಜೊತೆಜೊತೆಯಾಗಿ ಸುತ್ತುವಂತೆ ಮಾಡಿದರು. ಹೀಗೆ ಮಾಡಿದಾಗ ದಣಿವೂ ಕಡಿಮೆ ಎಂದು ಅಲ್ಲಿನ ಸಂಶೋಧಕರು ಅಳೆದು ತೋರಿಸಿದರು. ಗಾಲಿಕುರ್ಚಿಯ ಬಳೆ ತಳ್ಳುವುದಕ್ಕಿಂತ ಇದು ಹೆಗಲಿಗೂ ಹಿತ.

ಅಲ್ಲಿಂದ ಕ್ರೀಡೆ ಇದನ್ನು ಎತ್ತಿಕೊಂಡಿತು. 2004ರ ಅಥೆನ್ಸ್ ಪ್ಯಾರಾಲಿಂಪಿಕ್ಸ್‌ಗೆ ಹ್ಯಾಂಡ್‌ಸೈಕಲ್ ಬಂತು. 2007ರಲ್ಲಿ ಪ್ಯಾರಾ ಸೈಕ್ಲಿಂಗಿನ ಆಡಳಿತ ಅದೇ ಅಂತರರಾಷ್ಟ್ರೀಯ ಒಕ್ಕೂಟದ ಕೈಗೆ ಹೋಯಿತು. 1934ರಲ್ಲಿ ಒರಗಿ ಕೂತವರನ್ನು ಹೊರಗಿಟ್ಟ ಸಂಸ್ಥೆಯೇ ಇಂದು ಎಚ್1ರಿಂದ ಎಚ್4ರವರೆಗಿನ ವರ್ಗಗಳಲ್ಲಿ (ಅಂಗವೈಕಲ್ಯದ ಮಟ್ಟಕ್ಕೆ ತಕ್ಕಂತೆ ಮಾಡಿದ ವಿಂಗಡಣೆ) ಒರಗಿ ಕೂತವರ ರೇಸ್ ನಡೆಸುತ್ತದೆ. ಎಚ್5ರವರು ಮಂಡಿಯೂರಿ ಸೊಂಟದ ಬಲವನ್ನೂ ಹಾಕುತ್ತಾರೆ. 2001ರ ಕಾರ್ ರೇಸಿನಲ್ಲಿ ಎರಡೂ ಕಾಲು ಕಳೆದುಕೊಂಡ ಇಟಲಿಯ ಅಲೆಕ್ಸ್ ಜನಾರ್ಡಿ 2012ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ ಎರಡು ಚಿನ್ನ ಗೆದ್ದಾಗ ಜಗತ್ತೆಲ್ಲ ಇತ್ತ ತಿರುಗಿ ನೋಡಿತು.

ತಯಾರಕರೂ ಅತ್ತಲೇ ತಿರುಗಿದರು. ಸೀಟು ನೆಲಕ್ಕೆ ಹತ್ತಿರವಾಯಿತು, ಬೆನ್ನು ಮಲಗಿತು. ಗಾಳಿ ಸೀಳುವುದಕ್ಕೆ ಅದು ಸರಿಯೇ. ಆದರೆ 50 ಸೆಂ.ಮೀ. ಎತ್ತರದ ಗಾಲಿಕುರ್ಚಿಯಿಂದ 25 ಸೆಂ.ಮೀ. ಸೀಟಿಗೆ ಇಳಿಯುವುದು ಸುಲಭ, ದಣಿದ ತೋಳಲ್ಲಿ ವಾಪಸ್ ಏರುವುದು ಕಷ್ಟ. ಲಾರಿ ಚಾಲಕನ ಕಣ್ಣಿಗೆ ಬೀಳಲು ಕೋಲಿಗೆ ಬಾವುಟ ಕಟ್ಟಲೇಬೇಕು. ಹಾಲು ತರಲು ಹೋಗುವವರಿಗೆ ಇಷ್ಟೆಲ್ಲ ಬೇಕಿರಲಿಲ್ಲ.

ಗೇರಿನ ಲೆಕ್ಕದಲ್ಲಿ ಈ ಅಂತರ ಇನ್ನೂ ಎದ್ದು ಕಾಣುತ್ತದೆ. ಸವಾರ, ಗಾಡಿ ಸೇರಿ 100 ಕೆ.ಜಿ., ಮುಂದೆ ನೂರಕ್ಕೆ ಎಂಟು ಮೀಟರ್ ಏರು ಅಂದುಕೊಳ್ಳಿ. ಪಳಗದ ತೋಳು ಬಿಡದೆ ಕೊಡಬಲ್ಲ ಶಕ್ತಿ 50 ವ್ಯಾಟ್ ಎಂದಿಟ್ಟರೆ ವೇಗ ಗಂಟೆಗೆ 2.3 ಕಿ.ಮೀ. ಮೀರದು. ನಿಮಿಷಕ್ಕೆ 50 ಸುತ್ತು ತಿರುಗಿಸಬೇಕಾದರೆ ಒಂದು ಸುತ್ತಿಗೆ ಗಾಡಿ ಸುಮಾರು 75 ಸೆಂ.ಮೀ. ಮಾತ್ರ ಸಾಗಬೇಕು. 26 ಇಂಚಿನ ಗಾಲಿಗೆ ಹಿಡಿಕೆಯ ಕಡೆ 30, ಗಾಲಿಯ ಕಡೆ 34 ಹಲ್ಲು ಹಾಕಿದರೂ ಒಂದು ಸುತ್ತಿಗೆ 1.8 ಮೀಟರ್ ಆಗುತ್ತದೆ. ಹಿಡಿಕೆಯ ಅಚ್ಚಿನಲ್ಲೇ ಕೂತು ಎರಡೂವರೆ ಪಟ್ಟು ತಗ್ಗಿಸುವ ಕ್ರ್ಯಾಂಕ್ ಗೇರು ಸೇರಿಸಿದರೆ ಲೆಕ್ಕ ಕೂಡುತ್ತದೆ. ಇಷ್ಟು ನಿಧಾನಕ್ಕೆ ಎರಡು ಗಾಲಿ ನಿಲ್ಲದು, ಮೂರು ಗಾಲಿ ನಿಲ್ಲುತ್ತದೆ. ಒಂದು ಎಚ್ಚರ: ಸಿಕ್ಕಿಸುವ ಮಾದರಿಯಲ್ಲಿ ಭಾರವೆಲ್ಲ ಹಿಂದೆ, ಎಳೆತ ಮುಂದೆ. ಒದ್ದೆ ಏರಿನಲ್ಲಿ ಮುಂಗಾಲಿ ಇದ್ದಲ್ಲೇ ಗಿರಕಿ ಹೊಡೆಯುತ್ತದೆ. ಮೈಯನ್ನು ಮುಂದಕ್ಕೆ ಬಾಗಿಸಿ, ಎಳೆತ ನಯವಾಗಿರಲಿ.

ಹಿಡಿಕೆಯ ಅಳತೆಯೂ ಅಷ್ಟೇ ಮುಖ್ಯ. ತೀರಾ ದೂರ ಹೋದಾಗಲೂ ಮೊಣಕೈ ತುಸು ಬಾಗಿರಬೇಕು, ತೀರಾ ಮೇಲೆ ಬಂದಾಗಲೂ ಕೈ ಹೆಗಲಿನ ಮಟ್ಟ ದಾಟಬಾರದು, ಹತ್ತಿರ ಬಂದಾಗ ಹೊಟ್ಟೆಗೆ ತಾಗಬಾರದು. ಹೆಗಲು ನೋವಿನ ದೂರು ಹಲವು ಸಲ ಇಲ್ಲೇ ಬಗೆಹರಿಯುತ್ತದೆ.

ಓಟ, ಓಡಾಟ ಎರಡೂ ಚೆನ್ನಾಗಿ ಕೂಡಿಬಂದ ಜಾಗ ಆಸ್ಟ್ರಿಯಾದ ಕೌನರ್‌ಟಾಲ್. 2013ರಿಂದ ಡಚ್ ಪುನರ್ವಸತಿ ಕೇಂದ್ರಗಳ ತಂಡಗಳು ಅಲ್ಲಿ ‘ಹ್ಯಾಂಡ್‌ಬೈಕ್ ಬ್ಯಾಟಲ್’ಗೆ ಸೇರುತ್ತವೆ. ಸುಮಾರು 20 ಕಿ.ಮೀ. ದಾರಿ, 863 ಮೀಟರ್ ಏರು. ಬರುವವರಲ್ಲಿ ಹೆಚ್ಚಿನವರು ಪದಕದ ಆಸೆಯವರಲ್ಲ, ತಿಂಗಳುಗಟ್ಟಲೆ ತಯಾರಾದ ಸಾಮಾನ್ಯರು. ಹೊಸದಾಗಿ ಕಲಿಯುವವರಿಗೆ ಶುರುವಿಗೆ ಸಮತಟ್ಟಿನಲ್ಲಿ 20 ನಿಮಿಷ, ನಡುವೆ ಒಂದು ದಿನ ಬಿಡುವು, ಹಗುರ ಗೇರಿನಲ್ಲಿ ನಿಮಿಷಕ್ಕೆ 60–70 ಸುತ್ತು ಸಾಕು. ಸವಾರಿ ಮುಗಿದ ಮೇಲೆ ಕನ್ನಡಿ ಹಿಡಿದು ಪೃಷ್ಠದ ಚರ್ಮ ನೋಡಿಕೊಳ್ಳಬೇಕು. ಅರ್ಧ ಗಂಟೆಯಾದರೂ ಕೆಂಪು ಆರದಿದ್ದರೆ, ಆರುವವರೆಗೆ ಗಾಡಿ ಹತ್ತುವಂತಿಲ್ಲ. ಒತ್ತಡದ ಹುಣ್ಣಾದರೆ ತಿಂಗಳುಗಟ್ಟಲೆ ಹಾಸಿಗೆಯೇ ಗತಿ. ಎದೆಯ ಮೇಲ್ಭಾಗದಲ್ಲಿ ಬೆನ್ನುಹುರಿಗೆ ಪೆಟ್ಟಾದವರಿಗೆ ಅದರ ಕೆಳಗೆ ಬೆವರು ಸರಿಯಾಗಿ ಬರುವುದಿಲ್ಲ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಬೆಳಗಿನ ಹೊತ್ತು ಮಾತ್ರ ಸವಾರಿ, ಮೈಮೇಲೆ ಚಿಮುಕಿಸಿಕೊಳ್ಳಲು ನೀರಿನ ಬಾಟಲಿ ಇರಲೇಬೇಕು.

ನಮ್ಮ ದಾರಿ ಈಗ ಮೋಟಾರಿನತ್ತ ಹೊರಳಿದೆ. ರಾಜ್ಯದಲ್ಲಿ ಹಿಂಬದಿಗೆ ಎರಡು ಗಾಲಿ ಜೋಡಿಸಿದ ಸ್ಕೂಟರ್ ಹಂಚುತ್ತಾರೆ. ಮದ್ರಾಸ್ ಐಐಟಿಯಲ್ಲಿ ರೂಪುಗೊಂಡು 2021ರಲ್ಲಿ ಬಂದ ‘ನಿಯೋಬೋಲ್ಟ್’ ಗಾಲಿಕುರ್ಚಿಗೆ ಸಿಕ್ಕಿಸುವ ಬ್ಯಾಟರಿ ಗಾಡಿ. ಕೆಲಸಕ್ಕೆ ಹೋಗಿಬರುವವರಿಗೆ ಇವು ದೊಡ್ಡ ಅನುಕೂಲ. ಒಂದೇ ಗೇರಿನ ಕಬ್ಬಿಣದ ಸೈಕಲ್ಲಿನಿಂದ ನೇರ ಮೋಟಾರಿಗೆ ಹಾರಿದಾಗ ನಡುವಿನ ಮೆಟ್ಟಿಲೊಂದು ತಪ್ಪಿಹೋಯಿತು. ಗೇರಿರುವ, ಎರಡೂ ಕೈಯ, ಕೂರುವ ಎತ್ತರ ಸರಿಯಿರುವ ಸಾದಾ ಗಾಡಿ ಯಾವ ಪಟ್ಟಿಯಲ್ಲೂ ಸುಲಭಕ್ಕೆ ಸಿಗದು.

ಅಲ್ಲಿಯವರೆಗೆ ಮನೆಯಲ್ಲಿರುವ ಹಳೆಯ ಮೂರು ಗಾಲಿಯನ್ನೇ ಹಗುರ ಮಾಡಿಕೊಳ್ಳಬಹುದು. ಹಿಂದೆ 18 ಹಲ್ಲಿನ ಫ್ರೀವೀಲ್ ಇದ್ದರೆ 22 ಹಲ್ಲಿನದನ್ನು ಹಾಕಿಸಿ. ಏರಿನಲ್ಲಿ ಹಾಕಬೇಕಾದ ಬಲ ಸುಮಾರು ಶೇ 18ರಷ್ಟು ಇಳಿಯುತ್ತದೆ, ಸಮತಟ್ಟಿನಲ್ಲಿ ವೇಗವೂ ಅಷ್ಟೇ ತಗ್ಗುತ್ತದೆ. ಚೈನಿಗೆ ಎರಡು ಕೊಂಡಿ ಸೇರಿಸಲು ಅಂಗಡಿಯವರಿಗೆ ಮೊದಲೇ ಹೇಳಿ.