ಒಂದು ಗೇಮ್ ಮೆಷಿನ್ ಮನೆಗೆ ಬಂದರೆ ಎರಡನೇದು ಯಾಕೆ ಬರುತ್ತದೆ?

ಪ್ರಶ್ನೆ: ನಮ್ಮ ಎದುರು ಮನೆಯವರು ಹಿಂದೆ ವಿಡಿಯೋ ಗೇಮ್ ಪಾರ್ಲರ್‌ನಲ್ಲಿ ಇರುತ್ತಿದ್ದಂಥ ದೊಡ್ಡ ಮೆಷಿನ್ ತಂದು ಹಾಲ್‌ನಲ್ಲಿ ಇಟ್ಟಿದ್ದಾರೆ. ಮೊನ್ನೆ ಟೆಂಪೋದಲ್ಲಿ ಇನ್ನೊಂದು ಬಂತು. ಈ ಗೇಮ್‌ಗಳೆಲ್ಲ ಫೋನ್‌ನಲ್ಲೇ ಸಿಗುತ್ತವಲ್ಲ, ಜನ ಇದನ್ನು ಯಾಕೆ ಕೂಡಿಹಾಕುತ್ತಾರೆ? ಈ ಹುಚ್ಚು ಶುರುವಾಗೋದಾದರೂ ಹೇಗೆ?
ವಿಜಯನಗರದ ಓದುಗರು, ಬೆಂಗಳೂರು

ಉತ್ತರ: ಪಾರ್ಲರ್‌ನಲ್ಲಿ ಕಾಯಿನ್ ಹಾಕಿ ಆಡುತ್ತಿದ್ದ ಇಂಥ ಮೆಷಿನ್‌ಗೆ ಆರ್ಕೇಡ್ ಮೆಷಿನ್ ಅನ್ನುತ್ತಾರೆ. ಅದನ್ನು ಕೂಡಿಹಾಕಬೇಕು ಅಂತ ಲೆಕ್ಕ ಹಾಕಿ ಹೊರಟವರು ಬಹಳ ಕಡಿಮೆ. ಹೆಚ್ಚಿನವರಿಗೆ ಬೇಕಾಗಿರುವುದು ಒಂದೇ ಒಂದು ಗೇಮ್. ಆ ಗೇಮ್ ಇರುವ ಮೆಷಿನ್ ಹೇಗೋ ಮನೆಗೆ ಬರುತ್ತದೆ. ಸ್ವಲ್ಪ ದಿನಕ್ಕೆ ಕೆಡುತ್ತದೆ. ಬೇಕಾದ ಪಾರ್ಟ್ ಅಂಗಡಿಯಲ್ಲಿ ಸಿಗುವುದಿಲ್ಲ, ಇನ್ನೊಂದು ಹಳೇ ಮೆಷಿನ್‌ನ ಹೊಟ್ಟೆಯಲ್ಲಿ ಸಿಗುತ್ತದೆ. ಆ ಪಾರ್ಟ್‌ಗೋಸ್ಕರ ತಂದ ಎರಡನೇದನ್ನು ಬಿಚ್ಚಿ ನೋಡಿದರೆ, ಇದನ್ನೂ ಎಬ್ಬಿಸಬಹುದಲ್ಲ ಅನ್ನಿಸುತ್ತದೆ. ನಿಮ್ಮ ಎದುರು ಮನೆಯಲ್ಲೂ ಇದೇ ನಡೆದಿರಬೇಕು.

ಮೊದಲು ಆ ಒಂದು ಗೇಮ್ ಯಾವುದು ಅಂತ ನೋಡೋಣ. ತೊಂಬತ್ತರ ದಶಕದಲ್ಲಿ ಬೆಂಗಳೂರಿನಲ್ಲಿ ಹುಡುಗರಾಗಿದ್ದವರನ್ನು ಕೇಳಿದರೆ ಬಹಳ ಜನ ಹೇಳುವುದು 'ಮುಸ್ತಫಾ'. ಜಪಾನಿನ ಕ್ಯಾಪ್‌ಕಾಮ್ ಕಂಪನಿ 1993ರಲ್ಲಿ ತಂದ 'ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್' ಅದು. ಅದರಲ್ಲಿ ಆಡಲು ನಾಲ್ಕು ಪಾತ್ರಗಳಿದ್ದವು, ಒಬ್ಬನ ಹೆಸರು ಮುಸ್ತಫಾ. ಎಲ್ಲರಿಗೂ ಅವನೇ ಬೇಕು, ಹಾಗಾಗಿ ಗೇಮ್‌ಗೂ ಅದೇ ಹೆಸರು ನಿಂತುಬಿಟ್ಟಿತು. ಇನ್ನು ಕೆಲವರು 1991ರ 'ಸ್ಟ್ರೀಟ್ ಫೈಟರ್ 2' ಅಥವಾ 1996ರ 'ಮೆಟಲ್ ಸ್ಲಗ್' ಹೆಸರು ಹೇಳುತ್ತಾರೆ. ಕಾಯಿನ್ ಇದ್ದವರು ಆಡುತ್ತಿದ್ದರು, ಇಲ್ಲದವರು ಹಿಂದೆ ನಿಂತು ನೋಡುತ್ತಿದ್ದರು. ನೋಡಿಯೇ ಕಲಿತವರು ಜಾಸ್ತಿ. ಆಗ ಮನಸ್ಸು ತುಂಬ ಆಡಲು ಆಗದ ಗೇಮ್ ಈಗ ಸಂಬಳ ಬರುವಾಗ ನೆನಪಾಗುತ್ತದೆ, ಅಷ್ಟೇ.

ಆಮೇಲೆ ಟಿವಿ ಗೇಮ್ ಮನೆಗೆ ಬಂತು, ಸೈಬರ್ ಕೆಫೆ ಬಂತು. ಮಾಲ್‌ಗಳೂ ಬಂದವು, ಕೋರಮಂಗಲದ ಫೋರಂ ಶುರುವಾಗಿದ್ದು 2004ರಲ್ಲಿ. ಮಾಲ್‌ಗಳ ಗೇಮ್ ವಿಭಾಗದಲ್ಲಿ ಹೊಸ ಮೆಷಿನ್‌ಗಳು. ಬೀದಿ ಬದಿಯ ಸಣ್ಣ ಪಾರ್ಲರ್‌ಗಳು ಒಂದೊಂದಾಗಿ ಬಾಗಿಲು ಹಾಕಿದವು. ಮೆಷಿನ್‌ಗಳು ಗುಜರಿಗೆ ಹೋದವು. ಪ್ಲೈವುಡ್ ಒಂದು ಕಡೆ, ಪಿಕ್ಚರ್ ಟ್ಯೂಬ್ ಒಂದು ಕಡೆ, ಗೇಮ್ ಇರುವ ಸರ್ಕ್ಯೂಟ್ ಬೋರ್ಡ್ ಇನ್ನೊಂದು ಕಡೆ. ಪೂರ್ತಿ ಮೆಷಿನ್ ಇವತ್ತು ಸಿಗುವುದು ಕಷ್ಟ ಆಗಿರುವುದಕ್ಕೆ ಕಾರಣ ಇದೇ.

ಈಗ ನಿಮ್ಮ ಫೋನ್ ವಿಷಯಕ್ಕೆ ಬರೋಣ. 1980ರ 'ಪ್ಯಾಕ್-ಮ್ಯಾನ್' ತಗೊಳ್ಳಿ, ಭೂತಗಳಿಂದ ತಪ್ಪಿಸಿಕೊಂಡು ಸಂದುಗೊಂದಿನಲ್ಲಿ ಚುಕ್ಕಿ ತಿನ್ನುತ್ತಾ ಓಡುವ ಗೇಮ್. ಅದಕ್ಕೆ ಬೇಕಾಗಿರುವುದು ಮೇಲೆ, ಕೆಳಗೆ, ಎಡ, ಬಲ, ಈ ನಾಲ್ಕೇ ದಿಕ್ಕು. ಜಾಯ್‌ಸ್ಟಿಕ್‌ನ ಬುಡದಲ್ಲಿ ನಾಲ್ಕು ಸ್ವಿಚ್ ಇರುತ್ತವೆ, ಕೈ ಯಾವ ಕಡೆ ವಾಲುತ್ತದೋ ಆ ಸ್ವಿಚ್ ಒತ್ತಿಕೊಳ್ಳುತ್ತದೆ. ಫೈಟಿಂಗ್ ಗೇಮ್‌ಗೆ ಮಾಡಿದ ಎಂಟು ದಿಕ್ಕಿನ ಸ್ಟಿಕ್ ಹಾಕಿದರೆ ಕೈ ಸ್ವಲ್ಪ ಮೂಲೆಗೆ ಹೋದರೂ ಎರಡು ಸ್ವಿಚ್ ಒಟ್ಟಿಗೆ ಒತ್ತಿಕೊಳ್ಳುತ್ತವೆ. ತಿರುವಿನಲ್ಲಿ ಪ್ಯಾಕ್-ಮ್ಯಾನ್ ತಿರುಗದೆ ಮುಂದೆ ಹೋಗುತ್ತಾನೆ, ಭೂತ ಹಿಡಿಯುತ್ತದೆ. ಇದಕ್ಕೆ ಮದ್ದು ಸ್ಟಿಕ್‌ನ ಕೆಳಗೆ ಕೂರುವ ಒಂದು ಸಣ್ಣ ಪ್ಲೇಟ್. ಅದನ್ನು ಬಿಚ್ಚಿ ತಿರುಗಿಸಿ ಹಾಕಿದರೆ ಮೂಲೆಗಳು ಮುಚ್ಚಿಕೊಳ್ಳುತ್ತವೆ, ಸ್ಟಿಕ್ ನಾಲ್ಕು ಕಡೆಗೆ ಮಾತ್ರ ಹೋಗುತ್ತದೆ. ಈ ಕೆಲಸ ಒಮ್ಮೆ ಮಾಡಿ ಆಡಿ ನೋಡಿದವರಿಗೆ ಗಾಜಿನ ಮೇಲೆ ಬೆರಳು ಉಜ್ಜುವುದು ಸಪ್ಪೆ ಅನ್ನಿಸುತ್ತದೆ. ಇದು ಬರೀ ಹಳೇ ನೆನಪಿನ ಮಾತಲ್ಲ, ಆ ಗೇಮ್ ಮಾಡಿದ್ದೇ ಆ ಸ್ಟಿಕ್‌ಗೆ.

ಚಿತ್ರವೂ ಹಾಗೇ. ಪ್ಯಾಕ್-ಮ್ಯಾನ್‌ನ ಟ್ಯೂಬ್ ಅನ್ನು ಅಡ್ಡಲಾಗಿ ಅಲ್ಲ, ಉದ್ದಕ್ಕೆ ನಿಲ್ಲಿಸಿರುತ್ತಾರೆ. ಹಳೇ ಪಿಕ್ಚರ್ ಟ್ಯೂಬ್ ಸಿಗ್ನಲ್ ಬಂದ ಹಾಗೆಯೇ ಗೆರೆ ಗೆರೆಯಾಗಿ ಚಿತ್ರ ಬರೆಯುತ್ತದೆ. ಇವತ್ತಿನ ಎಷ್ಟೋ ಎಲ್‌ಇಡಿ ಟಿವಿಗಳು ಚಿತ್ರವನ್ನು ಒಳಗೆ ತಿದ್ದಿ ತೋರಿಸುವಾಗ ಒಂದು ಕ್ಷಣ ತಡ ಮಾಡುತ್ತವೆ. ಸಿನಿಮಾ ನೋಡುವಾಗ ಅದು ಗೊತ್ತೇ ಆಗುವುದಿಲ್ಲ. ಸ್ಟ್ರೀಟ್ ಫೈಟರ್‌ನಲ್ಲಿ ಏಟು ತಡೆಯುವಾಗ ಗೊತ್ತಾಗುತ್ತದೆ.

ಇನ್ನು ಒಂದು ಹತ್ತಾಗುವ ದಾರಿ. 1985ರಲ್ಲಿ ಜಪಾನಿನ ಮೆಷಿನ್ ತಯಾರಕರ ಸಂಘ 'ಜಾಮ್ಮಾ' ಅಂತ ಒಂದು ಕನೆಕ್ಟರ್ ಪದ್ಧತಿ ತಂದಿತು. 56 ಪಿನ್, ಬೋರ್ಡಿನ ಒಂದೊಂದು ಮುಖಕ್ಕೆ 28. ಕರೆಂಟ್, ಚಿತ್ರ, ಸೌಂಡ್, ಸ್ಟಿಕ್, ಬಟನ್, ಕಾಯಿನ್ ಎಲ್ಲ ಅದರಲ್ಲೇ. ಒಂದು ಬೋರ್ಡ್ ಕಿತ್ತು ಇನ್ನೊಂದು ಚುಚ್ಚಿದರೆ ಅದೇ ಮೆಷಿನ್‌ನಲ್ಲಿ ಬೇರೆ ಗೇಮ್. ಪಾರ್ಲರ್‌ನವರಿಗೆ ದುಡ್ಡು ಉಳಿಯಿತು. ಇವತ್ತು ಕೂಡಿಹಾಕುವವರಿಗೆ ಅದರಿಂದ ಜಾಗ ಉಳಿಯುತ್ತದೆ. ಹಾಲ್‌ನಲ್ಲಿ ಒಂದೇ ಕ್ಯಾಬಿನೆಟ್ (ಅಂದರೆ ಮೆಷಿನ್‌ನ ಮರದ ಪೆಟ್ಟಿಗೆ), ಬೀರು ತುಂಬ ಬೋರ್ಡು, ಹೀಗೆ ಇಟ್ಟುಕೊಂಡವರೂ ಇದ್ದಾರೆ. ಅಪಾರ್ಟ್‌ಮೆಂಟ್‌ನಲ್ಲಿ ಇರುವವರಿಗೆ ನಾನು ಹೇಳುವುದು ಇದನ್ನೇ.

ಆದರೆ ಬೋರ್ಡುಗಳಿಗೂ ವಯಸ್ಸಾಗುತ್ತದೆ. ಮೆಟಲ್ ಸ್ಲಗ್ ಓಡುವ ನಿಯೋ ಜಿಯೋ ಬೋರ್ಡ್ 1990ರದು. ಅದರ ಮೇಲೆ ಒಂದು ಸಣ್ಣ ಬ್ಯಾಟರಿ ಇದೆ. ವರ್ಷ ಕಳೆದಂತೆ ಅದು ಸೋರುತ್ತದೆ, ಸೋರಿದ್ದು ಸುತ್ತಲಿನ ತಾಮ್ರದ ಗೆರೆಗಳನ್ನು ತಿಂದುಹಾಕುತ್ತದೆ. ಹಸಿರು ಪುಡಿ ಕಂಡರೆ ಅದೇ. ಕ್ಯಾಪ್‌ಕಾಮ್‌ನ ಸಿಪಿಎಸ್-2 ಬೋರ್ಡಿನದು ಇನ್ನೂ ಕೆಟ್ಟ ಕಥೆ. ನಕಲು ಮಾಡಬಾರದು ಅಂತ ಗೇಮ್ ಅನ್ನು ಬೀಗ ಹಾಕಿ ಇಟ್ಟಿದ್ದರು. ಆ ಬೀಗದ ಕೀಲಿ ಬ್ಯಾಟರಿ ಇರುವ ತನಕ ಮಾತ್ರ ನೆನಪಿನಲ್ಲಿ ಉಳಿಯುತ್ತದೆ. ಬ್ಯಾಟರಿ ಸತ್ತರೆ ಬೋರ್ಡೂ ಸತ್ತಂತೆ. ಆ ಕೀಲಿಯನ್ನು ಮತ್ತೆ ಬರೆಯುವ ದಾರಿಯನ್ನು ಕಂಡುಹಿಡಿದವರು ಕಂಪನಿಯವರಲ್ಲ, ಮನೆಯಲ್ಲಿ ಕೂತು ತಲೆ ಕೆಡಿಸಿಕೊಂಡ ಹವ್ಯಾಸಿಗಳು. ಈ ಜನರ ಬಗ್ಗೆ ನನಗೆ ತುಂಬ ಗೌರವ. ಅವರಿಲ್ಲದಿದ್ದರೆ ಎಷ್ಟೋ ಬೋರ್ಡುಗಳು ಇವತ್ತು ಸುಮ್ನೆ ಪ್ಲಾಸ್ಟಿಕ್ ಹಲಗೆ ಆಗಿರುತ್ತಿದ್ದವು.

ಬೆಂಗಳೂರಿನಲ್ಲಿ ಇದಕ್ಕೆ ಒಂದು ಅನುಕೂಲ ಇದೆ. ಸ್ವಿಚ್, ವೈರ್, ಕನೆಕ್ಟರ್, ಪವರ್ ಸಪ್ಲೈ ಎಲ್ಲಕ್ಕೂ ಎಸ್‌ಪಿ ರೋಡ್ ಇದೆ. ಕ್ಯಾಬಿನೆಟ್‌ನ ತಳ ನೆನೆದು ಉಬ್ಬಿದ್ದರೆ ಹೊಸ ಪ್ಲೈವುಡ್ ಕಟ್ ಮಾಡಿ ಕೊಡಲು ಬಡಗಿಗಳಿದ್ದಾರೆ. ಕಷ್ಟ ಇರುವುದು ಪಿಕ್ಚರ್ ಟ್ಯೂಬ್‌ನದು. ಅದಕ್ಕೆ ಬೇಕಾಗಿರುವುದು ಹಳೇ ಟಿವಿ ಮೆಕ್ಯಾನಿಕ್. ಅವರು ಕೆಲಸ ಮಾಡುವುದನ್ನು ಹತ್ತಿರ ನಿಂತು ನೋಡಬೇಕು. ಪ್ಲಗ್ ಕಿತ್ತ ಮೇಲೂ ಟ್ಯೂಬ್‌ನಲ್ಲಿ ಸಾವಿರಾರು ವೋಲ್ಟ್ ಉಳಿದಿರುತ್ತದೆ. ಅವರು ಉದ್ದನೆ ಸ್ಕ್ರೂಡ್ರೈವರ್‌ಗೆ ಒಂದು ವೈರ್ ಸುತ್ತಿ, ವೈರಿನ ಇನ್ನೊಂದು ತುದಿಯನ್ನು ಟ್ಯೂಬ್‌ನ ಅರ್ತ್‌ಗೆ ಕಟ್ಟಿ, ಟ್ಯೂಬ್‌ನ ಮೇಲಿರುವ ರಬ್ಬರ್ ಟೋಪಿಯ ಕೆಳಗೆ ಸ್ಕ್ರೂಡ್ರೈವರ್ ತುದಿ ತೂರಿಸುತ್ತಾರೆ. ಟಪ್ ಅಂತ ಶಬ್ದ ಬರುತ್ತದೆ. ಇನ್ನೊಂದು ಕೈ ಬೆನ್ನ ಹಿಂದೆ. ಆಮೇಲೆ ಬೋರ್ಡನ್ನು ಬೆಳಕಿಗೆ ಹಿಡಿದು ಡ್ರೈ ಸೋಲ್ಡರ್ (ಬಿಟ್ಟುಕೊಂಡ ಬೆಸುಗೆ) ಎಲ್ಲಿದೆ, ಯಾವ ಕಂಡೆನ್ಸರ್ ಉಬ್ಬಿದೆ ಅಂತ ನೋಡುತ್ತಾರೆ. ಇದನ್ನು ನೀವೇ ಮಾಡಲು ಹೋಗಬೇಡಿ, ಜೀವಕ್ಕೆ ಅಪಾಯ. ಈ ಕೆಲಸ ಗೊತ್ತಿರುವವರಿಗೆ ವಯಸ್ಸಾಗುತ್ತಿದೆ, ಕಲಿಯುವ ಹುಡುಗರು ಕಡಿಮೆ. ನನಗೆ ಮೆಷಿನ್‌ಗಿಂತ ಜಾಸ್ತಿ ಚಿಂತೆ ಇದರದ್ದು.

ಮನೆಯವರ ಒಪ್ಪಿಗೆ ಬೇರೆ ಬೇಕು. ಸುಮಾರು ಆಳೆತ್ತರ, ನೂರು ಕೆಜಿ ದಾಟುವ ತೂಕ. ಬಾಗಿಲು, ಲಿಫ್ಟ್, ಮೆಟ್ಟಿಲಿನ ತಿರುವು ಎಲ್ಲವನ್ನೂ ಟೇಪ್ ಹಿಡಿದು ಅಳೆದ ಮೇಲೇ ಟೆಂಪೋಗೆ ಹೇಳಬೇಕು. ಜಪಾನಿನಿಂದ ಬಂದಿದ್ದಾದರೆ ಅದು 100 ವೋಲ್ಟ್‌ನದು. ನಮ್ಮ 230 ವೋಲ್ಟ್‌ಗೆ ನೇರ ಚುಚ್ಚಿದರೆ ಸುಟ್ಟುಹೋಗುತ್ತದೆ, ವೋಲ್ಟ್ ಇಳಿಸುವ ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಬೇಕೇ ಬೇಕು.

ಹಳೇ ಮೆಷಿನ್ ಸಿಗದವರಿಗೆ ಇನ್ನೊಂದು ದಾರಿ ಇದೆ. 'ಮೇಮ್' ಅನ್ನುವ ಸಾಫ್ಟ್‌ವೇರ್ 1997ರಿಂದ ಇದೆ, ಹಳೇ ಬೋರ್ಡುಗಳು ಹೇಗೆ ಓಡುತ್ತಿದ್ದವೋ ಹಾಗೇ ಕಂಪ್ಯೂಟರ್‌ನಲ್ಲಿ ಓಡಿಸುತ್ತದೆ. ಗೇಮ್‌ಗಳ ಹಕ್ಕು ಇವತ್ತಿಗೂ ಕಂಪನಿಗಳದ್ದೇ, ಅದು ನೆನಪಿರಲಿ. ಬಡಗಿಯಿಂದ ಕ್ಯಾಬಿನೆಟ್ ಮಾಡಿಸಿ, ಒಳಗೆ ಸಣ್ಣ ಕಂಪ್ಯೂಟರ್ ಇಟ್ಟು, ಒಳ್ಳೇ ಸ್ಟಿಕ್, ಬಟನ್ ಹಾಕಿಕೊಂಡವರನ್ನು ಅಸಲಿ ಅಲ್ಲ ಅಂತ ಕೆಲವರು ಹೀಯಾಳಿಸುತ್ತಾರೆ. ನಾನು ಒಪ್ಪುವುದಿಲ್ಲ. ವೈರಿಂಗ್ ಕಲಿಯಲು ಇದಕ್ಕಿಂತ ಒಳ್ಳೇ ಶುರು ಇಲ್ಲ, ಅಪಾಯವೂ ಕಡಿಮೆ.

ನಿಮಗೂ ಆಸೆ ಆಗಿದ್ದರೆ ಮೊದಲು ಎದುರು ಮನೆಗೆ ಹೋಗಿ ಆಡಿ ಬನ್ನಿ, ಬೇಡ ಅನ್ನುವವರು ಈ ಗುಂಪಿನಲ್ಲಿ ಅಪರೂಪ. ಆಮೇಲೆ ಗುಜರಿಯಲ್ಲಿ ಯಾವುದಾದರೂ ಮೆಷಿನ್ ಕಂಡರೆ, ಅಲ್ಲೇ ಸ್ವಿಚ್ ಹಾಕಿ ತೋರಿಸಿ ಅಂತ ಕೇಳಬೇಡಿ. ಮನೆಗೆ ತಂದು ಹಿಂದಿನ ಬಾಗಿಲು ತೆಗೆದು ಧೂಳು ಹೊಡೆಯಿರಿ, ಇಲಿ ಕಡಿದ ವೈರ್ ಇದೆಯಾ ನೋಡಿ. ಗೇಮ್ ಬೋರ್ಡ್ ಕಿತ್ತು ಪಕ್ಕಕ್ಕಿಟ್ಟು, ಪವರ್ ಸಪ್ಲೈ ಒಂದನ್ನೇ ಗೊತ್ತಿರುವವರ ಕೈಯಲ್ಲಿ ಮಲ್ಟಿಮೀಟರ್ ಹಿಡಿಸಿ ನೋಡಿ. 5 ವೋಲ್ಟ್ ಲೈನಿನಲ್ಲಿ 5 ವೋಲ್ಟೇ ಬರಬೇಕು. ಆರು, ಏಳು ತೋರಿಸಿದರೆ ಬೋರ್ಡ್ ಚುಚ್ಚಲೇಬೇಡಿ, ಸಪ್ಲೈ ಬದಲಾಯಿಸಿ.